ಮೇನ್ ಸ್ವಿಚ್ ಕಾಯಲು ಕೂತವನು

ಆ ಮಧ್ಯಾಹ್ನ ಅಕ್ಕ ನನಗೆ ವಹಿಸಿದ್ದು ಒಂದೇ ಕೆಲಸ. ಗಿರಣಿಯ ಮೇನ್ ಸ್ವಿಚ್ ಪಕ್ಕದಲ್ಲಿ ಕೂತು, ಒಳಗಿನಿಂದ ಅವಳು ‘ಮುಗೀತು’ ಅನ್ನುವವರೆಗೆ ಅದರ ಮೇಲೆ ಯಾರ ಕೈಯೂ ಬೀಳದಂತೆ ನೋಡಿಕೊಳ್ಳುವುದು. ಅಷ್ಟನ್ನು ನಾನು ಮಾಡಲಿಲ್ಲ. ಹೊರಗಿನವರು ಯಾರೂ ಬಂದು ಅದನ್ನು ಮುಟ್ಟಲಿಲ್ಲ. ಕಾಯಲು ಕೂತಿದ್ದ ನಾನೇ ಎಳೆದೆ. ಎಳೆದು, ಕರೆಂಟ್ ಹೋಯಿತು ಅಂದೆ. ಅಕ್ಕ ನಂಬಿದಳು.

ನಾನು ಓದಿದ್ದು ಏಳನೇ ಕ್ಲಾಸು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಪುರವರದಲ್ಲಿ ಅಪ್ಪನ ಹಿಟ್ಟಿನ ಗಿರಣಿ ಇತ್ತು. ಮೋಟಾರಿನ ಸದ್ದಿನಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ ಅನ್ನುವುದೇ ನನಗೆ ಹಿಡಿಸಿತ್ತು. ಅಕ್ಕ ಓದಿದಳು. ಮಧುಗಿರಿಯ ಕಂಪ್ಯೂಟರ್ ಸೆಂಟರಿನಲ್ಲಿ ಕಲಿತು, ಅಲ್ಲೇ ಕಲಿಸಿ, ಮದುವೆಯಾಗಿ ಹೋಗಿ, ಭಾವ ತೀರಿಕೊಂಡ ಮೇಲೆ ಮತ್ತೆ ನಮ್ಮ ಮನೆಗೇ ಬಂದಳು. ಅಷ್ಟರಲ್ಲಿ ಅಪ್ಪ, ಅವ್ವ ಇಬ್ಬರೂ ಇರಲಿಲ್ಲ. ಮುಂದೆ ಗಿರಣಿ, ಹಿಂದೆ ಅವಳ ಕೋಣೆ, ನಡುವೆ ಒಂದು ಗೋಡೆ. ಈ ಕಡೆ ನಾನು ರಾಗಿ ಬೀಸುತ್ತಿದ್ದೆ. ಆ ಕಡೆ ಅವಳು, ಔಷಧಿ ಅಂಗಡಿಗಳಿಗೆ ಸರಕು ಕಳಿಸುವ ಒಂದು ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು.

ಏನು ಕೆಲಸ ಅಂತ ಒಮ್ಮೆ ಕೇಳಿದ್ದೆ.

“ಡೇಟಾಬೇಸ್ ಅಂತಾರೆ. ಕಣಜ ಇದ್ದಂಗೆ ಕಣ್ಲಾ,” ಅಂದಿದ್ದಳು. “ಯಾವ ಅಂಗ್ಡಿಗೆ ಯಾವ ಮಾತ್ರೆ ಎಷ್ಟು ಹೋಯ್ತು, ಎಲ್ಲಾ ಅದ್ರೊಳ್ಗೇ ಇರ್ತದೆ. ಹುಳ ಬೀಳ್ದಂಗೆ, ಕಲಬೆರಕೆ ಆಗ್ದಂಗೆ, ಕೇಳ್ದೋರಿಗೆ ಕೇಳ್ದಾಗ ಸಿಗಂಗೆ ನೋಡ್ಕಳದು ನನ್ ಕೆಲ್ಸ.”

“ಅಂದ್ರೆ ಕಾವಲು ಅನ್ನು.”

“ಹೂಂ. ಕಾವಲೂ ನಾನೇ, ಇಲಿ ಬಿದ್ರೆ ಬೈಸ್ಕಳೋಳೂ ನಾನೇ.”

ಅವಳಿಗೆ ಫೋನಿನಲ್ಲಿ ಒಂದು ಗುಂಪಿತ್ತು. ಎಲ್ಲರೂ ಇದೇ ಕೆಲಸದವರು, ಕನ್ನಡ ಮಾತಾಡುವವರು. ಊರು ಬೇರೆ, ಕಂಪನಿ ಬೇರೆ, ಒಬ್ಬರ ಮುಖ ಒಬ್ಬರು ನೋಡಿದ್ದೇ ಅಪರೂಪ. ದಿನವೆಲ್ಲ ಏನಾದರೊಂದು ಬರೆದುಕೊಳ್ಳುತ್ತಿದ್ದರು. ಶುಕ್ರವಾರ ಸಂಜೆ ಕಾಫಿ ಹೊತ್ತಿಗೆ ಕಾಲ್‌ನಲ್ಲಿ ಸೇರುತ್ತಿದ್ದರು. ಅಕ್ಕ ಸ್ಪೀಕರ್ ಹಾಕಿಕೊಂಡೇ ಮಾತಾಡುತ್ತಿದ್ದುದರಿಂದ ಇಬ್ಬರ ದನಿ ನನಗೂ ಪರಿಚಯವಾಗಿತ್ತು. ಒಬ್ಬರು ಶಿರಾದವರು, ಎಲ್ಲರಿಗಿಂತ ಹಿರಿಯರು. ಗುಂಪಿಗೆಲ್ಲ ಅವರು ಚಾಚಾ. ಇನ್ನೊಬ್ಬರು ಪಾವಗಡದ ಹೆಂಗಸು, ತೆಲುಗು ಬೆರೆಸಿ ಮಾತಾಡುವವರು. ಅವರನ್ನು ಅಕ್ಕಯ್ಯ ಅನ್ನುತ್ತಿದ್ದರು.

ಆ ಗುಂಪಿನವರಿಗೆ ತಮ್ಮದೇ ಒಂದು ಪದ್ಧತಿ ಇತ್ತು. ಜನ ಬಳಸುತ್ತಿರುವ ಕಣಜಕ್ಕೆ ಯಾರೇ ಕೈ ಹಾಕಬೇಕಾದರೂ ಒಬ್ಬರೇ ಹಾಕುತ್ತಿರಲಿಲ್ಲ. ಇನ್ನೊಬ್ಬರು ಫೋನಿನಲ್ಲಿ ಜೊತೆ ಕೂರುತ್ತಿದ್ದರು. ಕೂತವರಿಗೆ ಒಳಗಿನದು ಏನೂ ಕಾಣುವುದಿಲ್ಲ. ಬೇರೆ ಕಂಪನಿಯವರು, ಕಾಣಲೂಬಾರದು. ಕೆಲಸ ಮಾಡುವವರು ಮುಂದೆ ಏನು ಮಾಡುತ್ತೇನೆ ಅಂತ ಬಾಯಿಬಿಟ್ಟು ಹೇಳಬೇಕು, ಕೂತವರು ‘ಖಾತ್ರಿನಾ?’ ಅಂತ ಕೇಳಬೇಕು, ಆಮೇಲೆ ಮಾಡಬೇಕು. ಅಷ್ಟೇ. ಬಾಯಿಬಿಟ್ಟು ಹೇಳುವಾಗಲೇ ಅರ್ಧ ತಪ್ಪು ಸಿಕ್ಕಿಬೀಳುತ್ತದೆ ಅಂತ ಅಕ್ಕ ಹೇಳುತ್ತಿದ್ದಳು.

ಸಿಕ್ಕಿಬೀಳದೆ ಉಳಿದ ತಪ್ಪುಗಳಿಗೆ ಶುಕ್ರವಾರ ಇತ್ತು. ಆ ವಾರ ಏನಾದರೂ ಕೆಡಿಸಿದವರು ಎಲ್ಲರ ಮುಂದೆ ಹೇಳಬೇಕು: ಏನು ಮಾಡಿದೆ, ಯಾರಿಗೆ ತೊಂದರೆಯಾಯಿತು. ನೆಪ ಹೇಳುವ ಹಾಗಿಲ್ಲ. ಅವರು ಮುಗಿಸಿದ ಮೇಲೆ ಉಳಿದವರು ಒಬ್ಬೊಬ್ಬರಾಗಿ, ತಾವು ಯಾವತ್ತೋ ಮಾಡಿದ, ಅದಕ್ಕಿಂತ ದೊಡ್ಡ ತಪ್ಪನ್ನು ಹೇಳಬೇಕು. ಹೇಳುತ್ತಾ ಹೋದ ಹಾಗೆ ಮೊದಲನೆಯವರ ತಪ್ಪು ಚಿಕ್ಕದಾಗುತ್ತಾ ಬರುತ್ತದೆ. ಕೊನೆಗೆ ಅವರ ಫೋಟೋ ಜಾಗಕ್ಕೆ ಒಂದು ಒಡೆದ ಮಡಕೆಯ ಚಿತ್ರ. ಇನ್ನೊಬ್ಬರು ಕೆಡಿಸುವವರೆಗೆ ಆ ಮಡಕೆ ಅವರದು.

ಒಂದು ಶುಕ್ರವಾರ ಅಕ್ಕಯ್ಯನ ಸರದಿ. ಒಂದು ಅಂಗಡಿಯ ಸರಕಿನ ಬೆಲೆ ಬದಲಿಸಲು ಹೋಗಿ, ಯಾವ ಅಂಗಡಿ ಅಂತ ಹೇಳುವುದನ್ನೇ ಮರೆತು ಗುಂಡಿ ಒತ್ತಿದ್ದರಂತೆ. ನಮ್ಮಲ್ಲಿ ಯಾರ ಡಬ್ಬ ಅಂತ ಹೇಳದೆ ‘ಸುರಿ’ ಅಂದರೆ ಸಾಲಿನಲ್ಲಿರುವ ಡಬ್ಬಗಳನ್ನೆಲ್ಲ ಒಂದೇ ಬಾಯಿಗೆ ಸುರಿದ ಹಾಗೆ.

“ಒತ್ತಿ ಚಾಯ್ ತಗಂಡೆ ನೋಡಿ,” ಅಂದರು ಅಕ್ಕಯ್ಯ. “ಒಂದು ಸಾಲು ಬದಲಾಯ್ತು ಅಂತ ಬರ್ಬೇಕಿತ್ತು. ಬರ್ತಾನೇ ಇಲ್ಲ. ಚಾಯ್ ಮುಗೀತು, ಅದು ಮುಗೀಲಿಲ್ಲ. ಅಪ್ಪುಡು ಗೊತ್ತಾಯ್ತು, ನಾ ಕೊಂಪ ಮುನಿಗಿಂದಿ, ಮನೆ ಮುಳುಗ್ತು ಅಂತ.”

“ಚಾಯ್‌ಗೆ ಸಕ್ರೆ ಸರಿಯಾಗಿತ್ತಾ?” ಚಾಚಾ ಕೇಳಿದರು.

“ನೀವು ಸುಮ್ನಿರಿ ಚಾಚಾ. ಸಾವಿರಾರು ಹೆಂಗಸ್ರನ್ನ ಒಂದೇ ಏಟ್ಗೆ ಗಂಡಸ್ರು ಮಾಡ್ದೋರು ನೀವು.”

“ಅರೆ, ಒಂದು ಕಾಲಂ ತಾನೇ ತಪ್ಪಿದ್ದು. ಊಟದ ಹೊತ್ಗೆ ವಾಪಸ್ ಹೆಂಗಸ್ರು ಮಾಡಿದ್ನಲ್ಲ. ಅಷ್ಟೊತ್ತಾದ್ರೂ ಪಾಪ ಆರಾಮಾಗಿದ್ರು ಬುಡಿ.”

ಅಕ್ಕ ಬಿದ್ದು ಬಿದ್ದು ನಕ್ಕಳು. ಭಾವ ಹೋದ ಮೇಲೆ ಆ ನಗು ನಮ್ಮ ಮನೆಯಲ್ಲಿ ಕೇಳಿದ್ದು ಆ ಫೋನಿನ ಮುಂದೆ ಮಾತ್ರ. ನನ್ನ ಮುಂದೆ ಅವಳು ಊಟಕ್ಕೆ ಬಾ, ಇನ್ವರ್ಟರ್ ಬ್ಯಾಟರಿಗೆ ನೀರು ಹಾಕು, ಅಷ್ಟೇ ಮಾತು. ಅದು ನನಗೆ ಚುಚ್ಚುತ್ತಿತ್ತು. ಚುಚ್ಚುತ್ತಿದೆ ಅಂತ ಆಗ ನನಗೇ ನಾನು ಒಪ್ಪಿಕೊಂಡಿರಲಿಲ್ಲ.

ಆ ದಿನದ ಕೆಲಸ ಕಂಪನಿಯ ಕಣಜವನ್ನು ಹಳೆಯ ಜಾಗದಿಂದ ಹೊಸ ಜಾಗಕ್ಕೆ ಸಾಗಿಸುವುದು. ಒಮ್ಮೆ ಶುರುವಾದರೆ ನಡುವೆ ನಿಲ್ಲುವ ಹಾಗಿರಲಿಲ್ಲ. ಅಕ್ಕ ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಅವಳ ಇಂಟರ್ನೆಟ್ಟಿಗೆ ಕರೆಂಟ್ ಹೋಗುವುದು ಗಿರಣಿಯ ಬೋರ್ಡಿನಿಂದಲೇ. ಕರೆಂಟ್ ಹೋದರೆ ಇನ್ವರ್ಟರ್ ಇತ್ತು, ಅದೂ ಗಿರಣಿಯಲ್ಲೇ. ಮೊಬೈಲ್ ಸಿಗ್ನಲ್ ಮಾಳಿಗೆ ಹತ್ತಿದರೆ ಉಂಟು, ಇಳಿದರೆ ಇಲ್ಲ. ಮೋಟಾರ್ ಓಡಿದರೆ ಎಲ್ಲಿ ಫ್ಯೂಸ್ ಹೋಗುತ್ತದೋ ಅಂತ ಮಧ್ಯಾಹ್ನಕ್ಕೆ ಗಿರಣಿ ನಿಲ್ಲಿಸು ಅಂದಳು. ನಿಲ್ಲಿಸಿದೆ. ಬಂದವರನ್ನು ವಾಪಸ್ ಕಳಿಸುತ್ತಾ ಸ್ವಿಚ್ಚಿನ ಪಕ್ಕ ರಾಗಿ ಮೂಟೆಯ ಮೇಲೆ ಕೂತೆ.

ಕಂಪನಿಯ ಒಪ್ಪಿಗೆ ಬರುವುದು ತಡವಾಯಿತು. ಅಕ್ಕ, ಚಾಚಾ, ಅಕ್ಕಯ್ಯ ಮೂವರೂ ಫೋನಿನಲ್ಲಿ ಕಾಯುತ್ತಾ ಕೂತಿದ್ದರು. ಮೋಟಾರ್ ಇಲ್ಲದ ಗಿರಣಿಯಲ್ಲಿ ಗೋಡೆಯಾಚೆಯ ಒಂದೊಂದು ಮಾತೂ ಕೇಳುತ್ತಿತ್ತು.

“ನನ್ ತಮ್ಮಂದು ಒಂದು ಕೇಳಿ,” ಅಕ್ಕ ಶುರು ಮಾಡಿದಳು.

ಅದು ನಮ್ಮೂರಿಗೆಲ್ಲ ಗೊತ್ತಿರುವ ಕತೆ. ಹಲವು ವರ್ಷದ ಹಿಂದೆ ನಾನು ಮೆಣಸಿನಕಾಯಿ ಬೀಸಿ, ಕಲ್ಲು ಒರೆಸದೆ, ಅದರ ಮೇಲೇ ಒಂದು ಬೀಗರೂಟದ ಮನೆಯ ರಾಗಿ ಸುರಿದುಬಿಟ್ಟಿದ್ದೆ. ಬೀಗರು ಮುದ್ದೆ ನುಂಗಿ, ಸಾರು ಖಾರ ಅಂತ ಜಗಳಕ್ಕೆ ನಿಂತರು. ಅಡುಗೆಯವನು ಸಾರಿಗೆ ನೀರು ಬೆರೆಸಿದ. ಇನ್ನೂ ಖಾರ. ಇನ್ನೂ ನೀರು. ಕೊನೆಗೆ ಸಾರು ತಿಳಿನೀರಾದರೂ ಖಾರ ಹೋಗಲಿಲ್ಲ. ಅಕ್ಕ ಅದನ್ನು ಬೀಗರ ದನಿ, ಅಡುಗೆಯವನ ದನಿ ತೆಗೆದು ಹೇಳಿದಳು. ಫೋನಿನೊಳಗೆ ಅಕ್ಕಯ್ಯ ಉಸಿರು ಕಟ್ಟಿ ನಗುತ್ತಿದ್ದರು.

“ಈ ಹುಡುಗ್ನಿಗೆ ಮಡಕೆ ಕೊಡ್ಲೇಬೇಕು,” ಅಂದರು ಚಾಚಾ.

“ಎರಡು ಕೊಡಿ,” ಅಂದರು ಅಕ್ಕಯ್ಯ. “ಒಂದು ಮುದ್ದೆಗೆ, ಒಂದು ಸಾರಿಗೆ.”

ರಾಗಿ ಡಬ್ಬ ಇಟ್ಟುಕೊಂಡು ಜಗಲಿಯಲ್ಲಿ ದಣಿವಾರಿಸುತ್ತಿದ್ದ ಒಬ್ಬ ಮುದುಕಿ ನನ್ನ ಮುಖ ನೋಡಿದಳು.

“ನಿಮ್ಮಕ್ಕ ನಿನ್ನೇ ಆಡ್ಕಂಡು ನಗ್ತಾವ್ಳೆ ಕಣ್ಲಾ. ಓದ್ದೋರೆಲ್ಲ ಒಂದಾಗವ್ರೆ. ನೀನು ಬಾಗ್ಲು ಕಾಯಿ.”

ಅವಳ ತಲೆಗೆ ಡಬ್ಬ ಎತ್ತಿಕೊಡಲು ನಾನು ಬೀದಿಗಿಳಿದೆ. ತಿರುಗಿ ಬರುವಷ್ಟರಲ್ಲಿ ಒಳಗೆ ನಗು ನಿಂತಿತ್ತು. ಕೆಲಸ ಶುರುವಾಗಿತ್ತು.

“ಈಗ ಹಳೇದನ್ನ ಮುಚ್ತೀನಿ,” ಅಕ್ಕನ ದನಿ.

“ಖಾತ್ರಿನಾ?” ಚಾಚಾ ಕೇಳಿದರು.

“ಖಾತ್ರಿ.”

ನಾನು ಮೂಟೆಯ ಮೇಲೆ ಕೂತೆ. ಅಕ್ಕ ನನ್ನನ್ನು ಕಾಣದ ಜನರ ಮುಂದೆ ಕೋತಿ ಮಾಡಿ ಕುಣಿಸಿದಳು ಅನ್ನುವುದೊಂದೇ ತಲೆಯಲ್ಲಿ. ನನ್ನ ಗಿರಣಿ ನಿಲ್ಲಿಸಿ, ನನ್ನನ್ನೇ ಕಾವಲಿಗೆ ಕೂರಿಸಿ, ನನ್ನ ಕತೆಯನ್ನೇ ಹೇಳಿ ನಕ್ಕರಲ್ಲ. ಒಳಗೆ ಮತ್ತೊಂದು ಹೆಜ್ಜೆ, ಮತ್ತೊಂದು ‘ಖಾತ್ರಿನಾ’. ಎದ್ದು ಮೇನ್ ಎಳೆದೆ. ಇನ್ವರ್ಟರ್ ‘ಕೀ’ ಎಂದು ಕೂಗಿ ಮನೆಯ ಲೈನನ್ನು ಹಿಡಿದುಕೊಂಡಿತು. ಅಲ್ಲಿಗೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ನಾನು ಅದರ ಗುಂಡಿ ಅದುಮಿ ಅದನ್ನೂ ಆರಿಸಿದೆ. ಮೊದಲನೆಯದನ್ನು ಸಿಟ್ಟಿನಲ್ಲಿ ಮಾಡಿದೆ ಅನ್ನಬಹುದು. ಎರಡನೆಯದನ್ನು ಮಾಡುವಾಗ ನನ್ನ ಕೈ ಏನು ಮಾಡುತ್ತಿದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

ಅಕ್ಕ ಬಾಗಿಲಿಗೆ ಬಂದಳು. “ಏನಾಯ್ತ್ಲಾ?”

“ಫೇಸ್ ಹೋಯ್ತಕ್ಕ.”

“ಇನ್ವರ್ಟರ್ರು?”

“ಅದೂ ಕೈಕೊಡ್ತು. ಬ್ಯಾಟ್ರಿ ಹೋಗೈತೇನೋ.”

ಎದುರು ಮನೆಯಲ್ಲಿ ಟಿವಿ ಓಡುತ್ತಿತ್ತು. ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಫೋನ್ ಹಿಡಿದು ಮಾಳಿಗೆಗೆ ಓಡಿದಳು. ಮೇಲಿನಿಂದ “ಹಲೋ ಚಾಚಾ, ಕೇಳ್ತೈತಾ, ಹಲೋ” ಅನ್ನುವ ದನಿ ಬಂತು. ಆ ದನಿ ಕೇಳಿದ್ದೇ ಬೋರ್ಡಿನ ಕಡೆ ತಿರುಗಿದೆ. ಗುಂಡಿಯನ್ನೂ ಮೇನನ್ನೂ ಮತ್ತೆ ಹಾಕಿದೆ. ಆದರೆ ಅಷ್ಟರಲ್ಲಿ ಸಾಗಿಸುವ ಕೆಲಸ ಎಲ್ಲೋ ನಡುದಾರಿಯಲ್ಲಿ ನಿಂತುಹೋಗಿತ್ತು. ಅರ್ಧ ಧಾನ್ಯ ಹಳೆಯ ಕಣಜದಲ್ಲಿ, ಅರ್ಧ ಹೊಸದರಲ್ಲಿ. ಎಲ್ಲಿಯವರೆಗೆ ಬಂತು ಅಂತ ಅವಳು ಹುಡುಕುತ್ತಿರುವಾಗಲೇ ಅಂಗಡಿಗಳ ಬೇಡಿಕೆ ಅದರ ಮೇಲೆ ಬಂದು ಬೀಳುತ್ತಿತ್ತು. ಸರಿಹೋಗಲು ಮಾರನೆಯ ದಿನ ಬೇಕಾಯಿತು. ಅಷ್ಟು ಹೊತ್ತು ಎಷ್ಟು ಅಂಗಡಿಯವರು ಮದ್ದಿಲ್ಲ ಅಂತ ಜನರನ್ನು ವಾಪಸ್ ಕಳಿಸಿದರೋ ನನಗೆ ಗೊತ್ತಿಲ್ಲ.

ಕಂಪನಿಯವರು ಕೂಗಾಡಲಿಲ್ಲವಂತೆ. ಮನೆಯಲ್ಲಿ ಕರೆಂಟಿನ ಭರವಸೆ ಇಲ್ಲದವರು ಇನ್ನು ಮುಂದೆ ಬಳಕೆಯಲ್ಲಿರುವ ಕಣಜಕ್ಕೆ ಕೈ ಹಾಕುವುದು ಬೇಡ, ವರದಿ ತೆಗೆದುಕೊಟ್ಟರೆ ಸಾಕು ಅಂದರಂತೆ. ಅಕ್ಕನಿಗೆ ಅದು ಬೈಗುಳಕ್ಕಿಂತ ಹೆಚ್ಚಾಯಿತು. ಕಣಜ ಕಾಯುವವಳು ಈಗ ಬಾಗಿಲ ಆಚೆ ನಿಂತು ಎಣಿಸಿ ಹೇಳುವವಳಾದಳು.

ಆ ಶುಕ್ರವಾರ ಅವಳ ಸರದಿ. ನಾನು ಮೋಟಾರ್ ನಿಲ್ಲಿಸಿ, ಬೀಸುವ ಕಲ್ಲನ್ನು ಇಳಿಸಿ, ಉಳಿಯಿಂದ ಕಚ್ಚು ಹಾಕುವ ನೆಪದಲ್ಲಿ ಗೋಡೆಯ ಪಕ್ಕ ಕೂತಿದ್ದೆ. ಉಳಿ ಕೈಯಲ್ಲಿತ್ತು, ಬಡಿಯಲಿಲ್ಲ.

“ಇನ್ವರ್ಟರ್ ಬ್ಯಾಟ್ರಿ ಸರಿಯಾಗೈತಾ ಅಂತ ನೋಡ್ದೆ ಕೆಲ್ಸ ಶುರು ಮಾಡ್ದೆ,” ಅಂದಳು. “ಅಂಗ್ಡಿಯೋರ್ಗೆ ತೊಂದ್ರೆ ಆಯ್ತು. ನನ್ ತಪ್ಪು.”

ಈಗ ಎಲ್ಲರೂ ದೊಡ್ಡ ತಪ್ಪು ಹೇಳಬೇಕು. ಮೊದಲು ಚಾಚಾ ಹೇಳಬೇಕು.

“ಇದು ನಿಂದಲ್ಲ ಬೇಟಿ,” ಅಂದರು. “ಜೊತೆ ಕೂತೋನು ನಾನು. ಎಲ್ಲಾ ಕೇಳ್ದೆ, ಕರೆಂಟ್ ವಿಷ್ಯ ಕೇಳ್ಲಿಲ್ಲ. ಗಲತಿ ನಂದು. ಮಡಕೆ ನಂಗೆ ಕೊಡಿ.”

“ಅಂಗನ್ಬೇಡಿ ಚಾಚಾ.”

“ಇಲ್ಲಮ್ಮ. ನಂದೇ.”

ಗೋಡೆಯ ಆಚೆ ಇಬ್ಬರು ಒಡೆದ ಮಡಕೆಗಾಗಿ ಜಗ್ಗಾಡುತ್ತಿದ್ದರು, ನನಗಿರಲಿ ನನಗಿರಲಿ ಅಂತ. ಮಡಕೆ ಒಡೆದವನು ಈಚೆ ಉಳಿ ಹಿಡಿದು ಕೂತಿದ್ದ. ಆಗಲೇ ಎದ್ದು ಹೋಗಿ ಹೇಳಬಹುದಿತ್ತು. ಬಾಗಿಲು ನನ್ನಿಂದ ಒಂದು ಮಾರು ದೂರ. ಹೋಗಲಿಲ್ಲ.

ಬದಲಿಗೆ ಬ್ಯಾಟರಿ ಬದಲಿಸಲು ಹೋದೆ. ಅಕ್ಕನೇ ಕಳಿಸಿದಳು. ಬಸ್ಸಿನ ಮೇಲೆ ಹಾಕಿಸಿಕೊಂಡು ಕೊರಟಗೆರೆಗೆ ಒಯ್ದೆ. ಅಂಗಡಿಯವನು ತಂತಿ ತಾಗಿಸಿ ನೋಡಿದ.

“ಇದ್ಕೇನಾಗೈತಣ್ಣ? ಗುಂಡ್ಕಲ್ಲಿದ್ದಂಗೈತೆ. ಇನ್ನೂ ಒಂದ್ಮೂರು ವರ್ಷ ಓಡ್ತದೆ.”

“ಇರ್ಲಿ, ಹೊಸ್ದು ಕೊಡು.”

“ಯಾಕಣ್ಣ ಸುಮ್ನೆ? ವಾಪಸ್ ತಗಂಡೋಗು.”

“ಕೊಡು ಅಂದ್ರೆ ಕೊಡಯ್ಯ,” ಅಂದೆ. ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ಅಂಗಡಿಯವನು ಹೊಸದೊಂದನ್ನು ಎತ್ತಿ ಮುಂದಿಟ್ಟ. ಹೊಸದನ್ನು ತಂದು ಜೋಡಿಸಿದೆ. ಅಕ್ಕ ಅದರ ಮೇಲೆ ಕೈಯಿಟ್ಟು, “ಇದ್ನ ಮೊದ್ಲೇ ಮಾಡಿದ್ರೆ ಆಗ್ತಿತ್ತು,” ಅಂದಳು. ಆವತ್ತು ನಾನು ಅನ್ನ ಮುಟ್ಟಲಿಲ್ಲ. ಹಿಟ್ಟಿನ ಧೂಳು ಗಂಟಲಿಗೆ ಹೋಗಿದೆ ಅಂದೆ. ಅದಕ್ಕೂ ಒಂದು ಸುಳ್ಳು.

ಆಮೇಲೆ ಅಕ್ಕ ಶುಕ್ರವಾರದ ಕಾಲ್‌ಗೆ ಹೋಗುವುದನ್ನು ಬಿಟ್ಟಳು. ಗುಂಪಿನಲ್ಲಿ ಬೇರೆಯವರು ಏನೇನೋ ಕೆಡಿಸಿದರೂ ಚಾಚಾಗೆ ಬಿಡದೆ ತಾನೇ ಇಟ್ಟುಕೊಂಡ ಮಡಕೆಯ ಚಿತ್ರವನ್ನು ಯಾರಿಗೂ ಕೊಡಲಿಲ್ಲ. ಕೋಣೆಯಿಂದ ಕೀಲಿಗಳ ಸದ್ದು ಮಾತ್ರ ಬರುತ್ತಿತ್ತು. ನಗು ಕೇಳಿದರೆ ನನಗೆ ಚುಚ್ಚುತ್ತಿತ್ತು ಅಂದೆನಲ್ಲ, ಈಗ ಅದು ಕೇಳದಿರುವುದನ್ನು ತಡೆಯಲಾಗದೆ ಇಲ್ಲದ ರಾಗಿಗೂ ಮೋಟಾರ್ ಓಡಿಸುತ್ತಿದ್ದೆ.

ಒಂದು ದಿನ ಮುದ್ದೆ ಮುರಿಯುತ್ತಾ ಹೇಳಿದಳು: “ಈ ಕೆಲ್ಸ ಬುಟ್ಬುಡ್ತೀನಿ ಕಣ್ಲಾ. ಮಧುಗಿರೀಲಿ ಸೆಂಟರ್‌ನೋರು ಮತ್ತೆ ಕಲ್ಸಕ್ಕೆ ಕರೀತಾವ್ರೆ.”

“ಯಾಕಕ್ಕ?”

“ಕೈ ಓಡಲ್ಲ. ಇನ್ಮ್ಯಾಲೆ ಯಾರಾದ್ರೂ ಕೊಟ್ರೂ ಕೈ ಹಾಕಕ್ಕೆ ಧೈರ್ಯ ಇಲ್ಲ.”

ಈ ಮಾತನ್ನು ಅವಳು ಗುಂಪಿನಲ್ಲೂ ಬರೆದಿರಬೇಕು. ಮುಂದಿನ ಭಾನುವಾರ ಬೆಳಿಗ್ಗೆ ಗಿರಣಿಯ ಮುಂದೆ ಇಬ್ಬರು ಬಂದು ನಿಂತರು. ಒಬ್ಬರು ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುವ, ಬಿಳಿ ಗಡ್ಡದ ಮನುಷ್ಯ. ಇನ್ನೊಬ್ಬರು ಕಡಲೆಕಾಯಿ ಚೀಲ ಹೊತ್ತ ದಪ್ಪನೆಯ ಹೆಂಗಸು. ಬಾಯಿಬಿಡುವ ಮೊದಲು ಗುರುತು ಸಿಗಲಿಲ್ಲ. ಬಾಯಿಬಿಟ್ಟ ಕೂಡಲೇ ಸಿಕ್ಕಿತು.

“ಹಿಟ್ಟು ಬೀಸ್ಕೊಡ್ತೀರಾ? ಖಾರ ಇಲ್ದಿರೋದು,” ಅಂದರು ಚಾಚಾ.

ಅಕ್ಕ ಒಳಗಿನಿಂದ ಬಂದು, ಇಬ್ಬರನ್ನೂ ನೋಡಿ, ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಒಳಗೆ ಕರೆದರೆ ಬರಲಿಲ್ಲ. ಗಿರಣಿಯಲ್ಲೇ, ಮೂಟೆಗಳ ಮೇಲೆ ಕೂತರು. ಅಕ್ಕಯ್ಯ ಕಡಲೆಕಾಯಿ ಸುರಿದರು. ನಾನು ಕಾಫಿ ತಂದುಕೊಟ್ಟು ಬೋರ್ಡಿನ ಹತ್ತಿರ ನಿಂತೆ.

“ಖಾರದ ರಾಗಿ ಅಂದ್ರೆ ನೀನೇನಾ ಬೇಟಾ?” ಚಾಚಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನಮ್ ಗುಂಪ್ನಲ್ಲಿ ನೀನು ಭಾರಿ ಮನುಷ್ಯ, ಗೊತ್ತಾ? ಹೊಸಬ್ರು ಯಾರಾದ್ರೂ ತಪ್ಪು ಹೇಳಕ್ಕೆ ಹೆದ್ರಿದ್ರೆ ಈಗ ನಿನ್ ಕತೇನೇ ಮೊದ್ಲು ಹೇಳೋದು. ಕೇಳಿ ನಗ್ತಾರೆ, ಆಮೇಲೆ ತಮ್ದು ಹೇಳ್ತಾರೆ.”

“ಅವತ್ತೂ ಇವ್ಳು ಅದನ್ನೇ ಅಲ್ವಾ ಹೇಳ್ಕಂಡಿದ್ದು,” ಅಂದರು ಅಕ್ಕಯ್ಯ, ಕಡಲೆ ಬಿಡಿಸುತ್ತಾ. “ಭಯ ಆಗ್ತೈತೆ ಅಕ್ಕಯ್ಯ ಅಂತ ಗುಂಪ್ನಲ್ಲಿ ಬರೆದ್ಲು. ಏದೈನಾ ನಗೋ ಅಂಥದ್ದು ಒಂದು ಹೇಳು, ಭಯ ಹೋಗ್ತದೆ ಅಂತ ನಾನೂ ಬರ್ದೆ. ನಿನ್ ಕತೆ ಹೇಳಿ ನಕ್ಕು, ಆಮೇಲೆ ಏನಂದ್ಲು ಗೊತ್ತಾ? ‘ಆಚೆ ನನ್ ತಮ್ಮ ಕಾವಲು ಕೂತವ್ನೆ, ಇವತ್ತು ಏನೂ ಆಗಲ್ಲ, ಶುರು ಮಾಡ್ತೀನಿ’ ಅಂದ್ಲು.”

ನಾನು ಮುದುಕಿಯ ತಲೆಗೆ ಡಬ್ಬ ಎತ್ತಿಕೊಡಲು ಬೀದಿಗಿಳಿದಿದ್ದಾಗ ಆಡಿದ ಮಾತು ಅದು.

ಅಕ್ಕ ನೆಲ ನೋಡುತ್ತಿದ್ದಳು. “ಬುಡಿ ಅಕ್ಕಯ್ಯ, ಆಗೋದಾಯ್ತು.”

“ಬುಡಕ್ಕಲ್ಲ ಬಂದಿರೋದು,” ಅಂದರು ಚಾಚಾ. “ನೀನು ಕೆಲ್ಸ ಬುಡ್ತೀನಿ ಅಂದ್ರೆ ನಾನೇ ಬುಡಿಸ್ದಂಗೆ. ಅವತ್ತಿಂದ ನಾನೂ ಯಾರ್ ಜೊತೆಗೂ ಕೂರ್ತಿಲ್ಲ. ಕರೀತಾರೆ. ಬ್ಯಾಡಪ್ಪ ಅಂತೀನಿ. ಜೊತೆ ಕೂತು ಒಬ್ಳ ಅನ್ನ ಕಳ್ದೆ ಅಂತ.”

“ಈ ಇಬ್ರೂ ಹಿಂಗೇ,” ಅಕ್ಕಯ್ಯ ನನ್ನ ಕಡೆ ತಿರುಗಿದರು. “ದಾರಿಯುದ್ದಕ್ಕೂ ಇದೇ ಗೋಳು. ಇವತ್ತು ಶುಕ್ರವಾರ ಅಲ್ಲ, ಆದ್ರೂ ಶುಕ್ರವಾರ ಮಾಡೋಣ. ಇವ್ಳ್ದಕ್ಕಿಂತ ದೊಡ್ಡ ತಪ್ಪು ಎಲ್ರೂ ಒಂದೊಂದು ಹೇಳ್ಬೇಕು. ಮೊದ್ಲು ಗಿರಣಿ ಯಜಮಾನ್ರು. ಹೇಳಪ್ಪಾ ತಮ್ಮಾ. ಆ ರಾಗೀದು ಬ್ಯಾಡ, ಅದು ಹಳೇದಾಯ್ತು. ಅದಕ್ಕಿಂತ ದೊಡ್ಡದು ಬೇಕು.”

ಮೂವರೂ ನನ್ನನ್ನು ನೋಡಿದರು. ಚಾಚಾ ನಗಲು ಸಿದ್ಧರಾಗಿದ್ದರು. ಅಕ್ಕ ಕೂಡ, ಬಹಳ ದಿನದ ಮೇಲೆ, ತುಟಿಯ ಅಂಚಿನಲ್ಲಿ ಸ್ವಲ್ಪ ನಗುತ್ತಿದ್ದಳು. ನನ್ನ ಕೈ ತಾನಾಗಿಯೇ ಹಿಂದಕ್ಕೆ ಹೋಗಿ ಮೇನ್ ಸ್ವಿಚ್ಚಿನ ಹಿಡಿಯನ್ನು ಮುಟ್ಟಿತು.

“ಅವತ್ತು ಫೇಸ್ ಹೋಗಿರ್ಲಿಲ್ಲ,” ಅಂದೆ.

ಕಡಲೆ ಬಿಡಿಸುವ ಸದ್ದು ನಿಂತಿತು.

“ಇದ್ನ ನಾನೇ ಎಳ್ದೆ. ಇನ್ವರ್ಟರ್ ಹಿಡ್ಕಂತು. ಅದ್ನೂ ಆರಿಸ್ದೆ. ಬ್ಯಾಟ್ರಿಗೆ ಏನೂ ಆಗಿರ್ಲಿಲ್ಲ.”

ಅಕ್ಕನ ಮುಖದಿಂದ ನಗು ಹೋಗಿರಲಿಲ್ಲ. ಹೋಗಬೇಕು ಅನ್ನುವುದೇ ಅದಕ್ಕೆ ತಿಳಿದಂತಿರಲಿಲ್ಲ. “ಏನಂದೆ?” ಅಂದಳು.

ನೀವು ನನ್ನ ನೋಡಿ ನಕ್ಕಿರಿ, ಅದಕ್ಕೆ ಎಳೆದೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ಅವರ ಪದ್ಧತಿಯಲ್ಲಿ ನೆಪ ಹೇಳುವ ಹಾಗಿಲ್ಲ. ಏನು ಮಾಡಿದೆ, ಯಾರಿಗೆ ತೊಂದರೆಯಾಯಿತು, ಅಷ್ಟೇ. ನುಂಗಿಕೊಂಡೆ. ಚಾಚಾ ಗೋಡೆ ಹಿಡಿದು ಮೆಲ್ಲಗೆ ಎದ್ದು ನಿಂತರು. ಯಾರೂ ಅದಕ್ಕಿಂತ ದೊಡ್ಡದನ್ನು ಹೇಳಲು ಬಾಯಿ ತೆರೆಯಲಿಲ್ಲ. ಅಕ್ಕ ಇನ್ನೂ ನನ್ನ ಬಾಯನ್ನೇ ನೋಡುತ್ತಿದ್ದಳು.

“ಚಾಚಾ, ನೀವು ಹೊತ್ಕಂಡಿರೋದು ನನ್ ತಪ್ಪು. ನಿಮ್ದಲ್ಲ. ಅಕ್ಕ, ನೀನು ನಂಬಿ ಕೂರಿಸಿದ್ದೆ. ನಾನೇ ಕೆಡಿಸ್ದೆ. ಕೆಡಿಸಿ, ನೀನು ನಿನ್ನೇ ಬೈಕಳದ ಇಷ್ಟು ದಿನ ಕೇಳ್ಕಂಡು ಸುಮ್ಕಿದ್ದೆ. ತಪ್ಪಾಯ್ತು ಕಣಕ್ಕ. ನಂದೇ ತಪ್ಪು. ಕ್ಷಮಿಸ್ಬುಡು.”